ಕಟ್ಟಡ ಕಂಪನಿಯದು, ಜಾಮೀನು ಸಹಿ ನಿಮ್ಮದು

ಓದುಗರ ಪ್ರಶ್ನೆ, ಬೆಳಗಾವಿಯ ವಕೀಲೆಯ ಉತ್ತರ

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ. ಖಡೇಬಜಾರದಲ್ಲಿ ನನ್ನ ಹಾರ್ಡ್‌ವೇರ್ ಅಂಗಡಿ ಇದೆ. 2006ರಲ್ಲಿ ತಿಲಕವಾಡಿಯಲ್ಲಿ ಜಾಗ ಹಿಡಿದು ಮೂರು ಅಂತಸ್ತು ಕಟ್ಟಿಸಿದೆ. ಜಾಗ, ಕಟ್ಟಡ ಎಲ್ಲ ಸೇರಿ ಆಗ 40 ಲಕ್ಷ ಬಿತ್ತು. ಈಗ ಸರ್ಕಾರಿ ದರದಂತೆಯೇ ಒಂದೂವರೆ ಕೋಟಿ ಆಗುತ್ತದೆ. ಕೆಳಗೆ ಆರು ಗಾಳೆ (ಅಂಗಡಿ ಮಳಿಗೆ), ಮೇಲೆ ಓದುವ ಹುಡುಗರು ಮತ್ತು ಎರಡು ಸಂಸಾರ ಬಾಡಿಗೆಗೆ ಇದ್ದಾರೆ. ಕಳೆದ ತಿಂಗಳು ಲಿಫ್ಟಿನ ಬಾಗಿಲಲ್ಲಿ ಒಂದು ಮಗುವಿನ ಕೈ ಸಿಕ್ಕಿ ಎರಡು ಬೆರಳಿಗೆ ಪೆಟ್ಟಾಯಿತು. ಬಾಗಿಲು ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ಮಗುವಿನ ಮನೆಯವರು ಮೊದಲೇ ಹೇಳಿದ್ದರು, ನಾನು ಹಬ್ಬ ಮುಗಿಯಲಿ ಎಂದಿದ್ದೆ. ಈಗ ಐದು ಲಕ್ಷ ಕೇಳಿ ವಕೀಲರ ನೋಟಿಸು ಕೊಟ್ಟಿದ್ದಾರೆ. ನಮ್ಮ ಅಳಿಯ, "ಮಾವಾರ, ಪ್ರೈವೇಟ್ ಲಿಮಿಟೆಡ್ ಮಾಡಿ ಬಿಲ್ಡಿಂಗ್ ಅದರ ಹೆಸರಿಗೆ ಹಾಕ್ರಿ, ನಿಮ್ಮ ಮನಿ, ಬೈಲಹೊಂಗಲದ ಹೊಲ ಯಾರೂ ಮುಟ್ಟಂಗಿಲ್ಲ" ಎನ್ನುತ್ತಾನೆ. ಉದ್ಯಮಬಾಗದ ಕಡೆ ಇನ್ನೊಂದು ಕಟ್ಟಡ ಕೊಳ್ಳುವ ವಿಚಾರವೂ ಇದೆ, ಬ್ಯಾಂಕು 80 ಲಕ್ಷ ಸಾಲ ಕೊಡಲು ತಯಾರಿದೆ. ಏನು ಮಾಡಲಿ?
– ಹೆಸರು ಬೇಡ, ಬೆಳಗಾವಿ

ಉತ್ತರ: ಮೊದಲು ಆ ಮಗು. ಆಸ್ಪತ್ರೆಯ ಖರ್ಚು ಯಾರು ಕೊಟ್ಟರು ಎಂದು ನಿಮ್ಮ ಪತ್ರದಲ್ಲಿ ಎಲ್ಲಿಯೂ ಇಲ್ಲ. ಈ ಪತ್ರಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಆ ಖರ್ಚು ನಿಮ್ಮಿಂದ ಹೋಗಿರಲಿ, ಲಿಫ್ಟ್ ನಿಂತಿರಲಿ. ಕರ್ನಾಟಕದಲ್ಲಿ ಲಿಫ್ಟುಗಳಿಗೆಂದೇ 2012ರ ಕಾಯ್ದೆ ಇದೆ. ಪರವಾನಗಿ ಪಡೆಯುವುದು, ತಪಾಸಣೆ ಮಾಡಿಸುವುದು, ಸುಸ್ಥಿತಿಯಲ್ಲಿ ಇಡುವುದು ಮಾಲೀಕನ ಹೊಣೆ. ಆಸ್ತಿ ಕಾಪಾಡಿಕೊಳ್ಳುವ ಪ್ರಶ್ನೆಗೆ ನಾನು ಸಂತೋಷದಿಂದ ಉತ್ತರಿಸುತ್ತೇನೆ. ಆದರೆ ಪೆಟ್ಟಾದವರಿಂದ ತಪ್ಪಿಸಿಕೊಳ್ಳುವ ದಾರಿ ಹೇಳಿಕೊಡುವುದು ನನ್ನಿಂದ ಆಗದು, ಕಾನೂನೂ ಅದಕ್ಕೆ ಬಿಡುವುದಿಲ್ಲ.

ಬಿಡುವುದಿಲ್ಲ ಎಂದರೆ ಹೇಗೆ? ಬಾಗಿಲಲ್ಲಿ ಕೈ ಸಿಕ್ಕ ದಿನ ಕಟ್ಟಡದ ಮಾಲೀಕರು ನೀವು. ಹೊಣೆ ಅಂದೇ ನಿಮ್ಮ ಮೇಲೆ ಕೂತಿದೆ, ಕಟ್ಟಡವನ್ನು ಯಾರ ಹೆಸರಿಗೆ ಮಾಡಿದರೂ ಅದು ಕಟ್ಟಡದ ಜೊತೆ ಹೋಗುವುದಿಲ್ಲ. ನೋಟಿಸು ಬಂದ ಮೇಲೆ ನೀವು ಖರೀದಿ ಪತ್ರ ಮಾಡಿಕೊಟ್ಟರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 53ನೇ ಕಲಂ ಎದುರು ನಿಲ್ಲುತ್ತದೆ. ಹಣ ಬರಬೇಕಾದವರಿಗೆ ಅದನ್ನು ತಪ್ಪಿಸಲು ಅಥವಾ ತಡಮಾಡಲು ಮಾಡಿದ ವರ್ಗಾವಣೆಯನ್ನು ಅವರು ರದ್ದು ಮಾಡಿಸಿಕೊಳ್ಳಬಹುದು. ಅದಕ್ಕೂ ಮೊದಲೇ, ದಾವೆ ಹೂಡಿ, ಇವರು ಆಸ್ತಿ ಸಾಗಿಸುತ್ತಿದ್ದಾರೆ ಎಂದು ತೋರಿಸಿಕೊಟ್ಟರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 38ನೇ ಆದೇಶದಡಿ ತೀರ್ಪಿಗೆ ಮುಂಚೆಯೇ ಜಪ್ತಿ ತರಬಹುದು. ಇನ್ನೊಂದು ಮಾತು ಅಳಿಯನಿಗೆ ಹೊಳೆದಿಲ್ಲ. ಕಟ್ಟಡ ಕೊಟ್ಟು ನೀವು ಕಂಪನಿಯ ಷೇರು ತೆಗೆದುಕೊಳ್ಳುತ್ತೀರಿ. ಷೇರು ನಿಮ್ಮ ಸ್ವಂತ ಆಸ್ತಿ, ಅದನ್ನೂ ಜಪ್ತಿ ಮಾಡಬಹುದು. ಹಾಗಾಗಿ ಈ ಒಂದು ತಕರಾರನ್ನು ನಿಮ್ಮ ಹೆಸರಿನಲ್ಲೇ, ಎದುರಿನವರ ಜೊತೆ ಕೂತು, ಬರವಣಿಗೆಯಲ್ಲಿ ರಾಜಿ ಮಾಡಿ ಮುಗಿಸಿಕೊಳ್ಳಿ. ಐದು ಲಕ್ಷ ಹೆಚ್ಚೋ ಕಡಿಮೆಯೋ ಎಂಬುದು ಬೆರಳು ಎಷ್ಟು ಮಟ್ಟಿಗೆ ಮತ್ತೆ ಕೆಲಸ ಮಾಡುತ್ತದೆ ಎಂದು ವೈದ್ಯರು ಬರೆದುಕೊಡುವುದರ ಮೇಲಿದೆ.

ಈಗ ಮುಂದಿನ ದಿನಗಳ ಮಾತು. ಕಂಪನಿ ಬೇರೆ, ಅದರ ಒಡೆಯ ಬೇರೆ ಎಂಬ ತತ್ವ ಗಟ್ಟಿಯಾದದ್ದು 1896ರಲ್ಲಿ, ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಕೊಟ್ಟ ಸಾಲೊಮನ್ ಪ್ರಕರಣದ ತೀರ್ಪಿನಿಂದ. ಬೂಟು ತಯಾರಿಸುವ ಸಾಲೊಮನ್ ತನ್ನ ವ್ಯಾಪಾರವನ್ನು ತಾನೇ ಕಟ್ಟಿದ ಕಂಪನಿಗೆ ಮಾರಿದ. 20,007 ಷೇರುಗಳಲ್ಲಿ 20,001 ಅವನವು, ಉಳಿದ ಆರು ಹೆಂಡತಿ ಮಕ್ಕಳ ಹೆಸರಲ್ಲಿ ಒಂದೊಂದು. ಕಂಪನಿ ಮುಳುಗಿದಾಗ ಅದರ ಸಾಲಕ್ಕೆ ಅವನ ಸ್ವಂತ ಆಸ್ತಿ ಹೊಣೆಯಲ್ಲ ಎಂದು ತೀರ್ಮಾನವಾಯಿತು. ನಮ್ಮ 2013ರ ಕಂಪನಿ ಕಾಯ್ದೆ ನಿಂತಿರುವುದು ಇದೇ ತತ್ವದ ಮೇಲೆ. ಇದರ ಇನ್ನೊಂದು ಮುಖವನ್ನು 1954ರಲ್ಲಿ ಬಾಚಾ ಗುಜ್ದಾರ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು ಹೇಳಿದೆ: ಕಂಪನಿಯ ಆಸ್ತಿಯಲ್ಲಿ ಷೇರುದಾರನಿಗೆ ಹಕ್ಕಿಲ್ಲ. ಉತಾರದಲ್ಲಿ, ಅಂದರೆ ಆಸ್ತಿಯ ದಾಖಲೆಯಲ್ಲಿ, ನಿಮ್ಮ ಹೆಸರು ಹೋಗಿ ಕಂಪನಿಯ ಹೆಸರು ಕೂತ ಮೇಲೆ ಅದು ನಿಮ್ಮ ಕಟ್ಟಡವಲ್ಲ. ನಿಮ್ಮ ನಂತರ ಮಕ್ಕಳಿಗೆ ಬರುವುದು ಷೇರು, ಗಾಳೆಯಲ್ಲ. ತಿಲಕವಾಡಿಯಂಥ ಕಡೆ ಕಟ್ಟಡ ಕಟ್ಟಿದ ಹಿರಿಯರಿಗೆ ಇದನ್ನು ಮನಸ್ಸಿಗೆ ತಂದುಕೊಳ್ಳುವುದು ಬಹಳ ಕಷ್ಟ. ನನ್ನ ಕಚೇರಿಗೆ ಬರುವವರಲ್ಲಿ ಹೆಚ್ಚಿನವರು ಕಂಪನಿ ಬೇಕು ಎನ್ನುತ್ತಾರೆ, ಕಟ್ಟಡ ಮಾತ್ರ ಮೊದಲಿನ ಹಾಗೆ ತಮ್ಮದೇ ಇರಬೇಕು ಎನ್ನುತ್ತಾರೆ. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಈ ರಕ್ಷಣೆ ಎಲ್ಲಿ ಕೆಲಸ ಮಾಡುತ್ತದೆ? ಕಂಪನಿ ಮಾಡಿದ ಸಾಲ, ಕಂಪನಿ ಮುರಿದ ಕರಾರು, ಕಂಪನಿಯ ಕಟ್ಟಡದಿಂದಾದ ನಷ್ಟ, ಇವುಗಳಲ್ಲಿ ಕೆಲಸ ಮಾಡುತ್ತದೆ. ನಿಮ್ಮ ಕೈಯಾರೆ ಆದ ಅಜಾಗರೂಕತೆಯಲ್ಲಿ ಮಾಡುವುದಿಲ್ಲ. ಬಾಗಿಲು ಕೆಟ್ಟಿದೆ ಎಂದು ನಿಮಗೇ ಹೇಳಿದರು, ನೀವೇ ಮುಂದೂಡಿದಿರಿ. ಆಗ ಕಂಪನಿ ಇದ್ದಿದ್ದರೂ ದಾವೆಯಲ್ಲಿ ಕಂಪನಿ ಒಂದನೇ ಪ್ರತಿವಾದಿ, ನೀವು ಎರಡನೆಯವರು ಆಗುತ್ತಿದ್ದಿರಿ. ದೇವರ ದಯೆ, ಬೆರಳಿಗೇ ಮುಗಿಯಿತು. ಜೀವ ಹೋಗಿದ್ದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಬರುತ್ತಿತ್ತು, ಐದು ವರ್ಷದವರೆಗೆ ಶಿಕ್ಷೆ. ಜೈಲಿಗೆ ಹೋಗುವುದು ಮನುಷ್ಯನೇ, ಕಂಪನಿಯಲ್ಲ.

ಇನ್ನು ಬ್ಯಾಂಕು. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ತಂದದ್ದು ಲಿಫ್ಟಿಗಿಂತ ಆ 80 ಲಕ್ಷ. ಹೊಸ ಕಂಪನಿಗೆ ಯಾವ ಬ್ಯಾಂಕೂ ಬರೀ ಕಂಪನಿಯ ಮುಖ ನೋಡಿ ಇಷ್ಟು ಸಾಲ ಕೊಡುವುದಿಲ್ಲ. ಡೈರೆಕ್ಟರುಗಳ ವೈಯಕ್ತಿಕ ಜಾಮೀನು ಕೇಳುತ್ತದೆ. ದಪ್ಪನೆಯ ಕಾಗದದ ಕಟ್ಟು ಮುಂದೆ ಬರುತ್ತದೆ, ಪೆನ್ಸಿಲ್ ಗುರುತು ಹಾಕಿದ ಕಡೆಯೆಲ್ಲ ಸಹಿ ಮಾಡುತ್ತೀರಿ. ಆ ಸಹಿಯ ಕ್ಷಣದಲ್ಲಿ, ಆ ಸಾಲದ ಮಟ್ಟಿಗೆ, ಸಾಲೊಮನ್ ತೀರ್ಪಿನ ರಕ್ಷಣೆ ನಿಮಗಿಲ್ಲ. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಬೇರೆ ರೀತಿ ಒಪ್ಪಿಕೊಂಡಿರದಿದ್ದರೆ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದೂ ಅಷ್ಟೇ. ಬ್ಯಾಂಕು ಮೊದಲು ಕಂಪನಿಯ ಬೆನ್ನು ಹತ್ತಬೇಕು, ಆಮೇಲೆ ನಿಮ್ಮ ಹತ್ತಿರ ಬರಬೇಕು ಎಂಬ ನಿಯಮವೂ ಇಲ್ಲ. 2019ರ ಡಿಸೆಂಬರ್ 1ರಿಂದ ಕಂಪನಿ ಸಾಲಕ್ಕೆ ಜಾಮೀನು ನಿಂತವರ ಮೇಲೆಯೇ ದಿವಾಳಿ ಪ್ರಕ್ರಿಯೆ ನಡೆಸುವ ದಾರಿ ತೆರೆದಿದೆ. 2021ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು, ದಿವಾಳಿ ಪ್ರಕ್ರಿಯೆಯಲ್ಲಿ ಕಂಪನಿಯ ಸಾಲ ಇತ್ಯರ್ಥವಾದ ಮಾತ್ರಕ್ಕೆ ಜಾಮೀನುದಾರನಿಗೆ ತಾನಾಗಿಯೇ ಬಿಡುಗಡೆ ಇಲ್ಲ ಎಂದೂ ಹೇಳಿತು.

128ನೇ ಕಲಮಿನಲ್ಲಿ "ಬೇರೆ ರೀತಿ ಒಪ್ಪಿಕೊಂಡಿರದಿದ್ದರೆ" ಎಂಬ ಮಾತಿದೆಯಲ್ಲ, ಅದನ್ನು ಹಿಡಿದುಕೊಳ್ಳಿ. ಸಾಲ ಮಂಜೂರಾಗುವ ಮೊದಲು ನಿಮಗೆ ಕೇಳುವ ಹಕ್ಕಿದೆ, ಮಂಜೂರಾದ ಮೇಲೆ ಬಾಯಿ ಇಲ್ಲ. ಜಾಮೀನಿನ ಮೊತ್ತಕ್ಕೆ ಮಿತಿ ಬರೆಸಿ, 80 ಲಕ್ಷಕ್ಕೆ 30 ಲಕ್ಷದ ಮಟ್ಟಿಗೆ ಎಂದು. ಅಸಲು ಅರ್ಧ ತೀರಿದ ಮೇಲೆ ಜಾಮೀನು ರದ್ದಾಗುವ ಷರತ್ತು ಕೇಳಿ. ನೀವು ವಾಸ ಮಾಡುವ ಮನೆಯನ್ನು ಹೆಚ್ಚುವರಿ ಅಡಮಾನಕ್ಕೆ ಕೊಡಬೇಡಿ, ಅದಕ್ಕಾಗಿ ಬಡ್ಡಿ ಸ್ವಲ್ಪ ಹೆಚ್ಚಾದರೂ ಆಗಲಿ. ಪತ್ನಿಯವರನ್ನು ಜಾಮೀನಿಗೆ ಎಳೆಯಬೇಡಿ. ಒಂದು ಬ್ಯಾಂಕು ಒಲ್ಲೆ ಎಂದರೆ ಇನ್ನೊಂದನ್ನು ಕೇಳಿ. ಎಲ್ಲರೂ ಪೂರ್ತಿ ಜಾಮೀನೇ ಬೇಕು ಎಂದರೆ ಆ ಕಟ್ಟಡ ನಿಮ್ಮ ಶಕ್ತಿಗೆ ಮೀರಿದ್ದು ಎಂದು ನಾನು ಹೇಳುತ್ತೇನೆ. ಬೈಲಹೊಂಗಲದ ಹೊಲದ ಬಗ್ಗೆ ಇಷ್ಟು: ಬ್ಯಾಂಕುಗಳು ಕೋರ್ಟಿಗೆ ಹೋಗದೆ ಆಸ್ತಿ ಹಿಡಿಯುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿನ ಅಡಮಾನಕ್ಕೆ ಅನ್ವಯಿಸುವುದಿಲ್ಲ. ಆದರೆ ಕೋರ್ಟಿನ ಡಿಕ್ರಿ ಪಡೆದು ಹೊಲದ ಮೇಲೆ, ಅದು ಹಿರಿಯರದಾದರೆ ಅದರಲ್ಲಿನ ನಿಮ್ಮ ಪಾಲಿನ ಮೇಲೆ, ಬರುವುದಕ್ಕೆ ಅಡ್ಡಿಯಿಲ್ಲ.

ತಿಲಕವಾಡಿಯ ಕಟ್ಟಡವನ್ನು ಕಂಪನಿಗೆ ಹಾಕುವ ಖರ್ಚು ನೋಡೋಣ. ನಿಮ್ಮದೇ ಕಂಪನಿಯಾದರೂ ಅದು ಮಾರಾಟವೇ. ನಗರದಲ್ಲಿ ಮುದ್ರಾಂಕ ಶುಲ್ಕ ಶೇಕಡಾ 5, ಅದರ ಮೇಲಿನ ಸೆಸ್, ಸರ್ಚಾರ್ಜ್ ಸೇರಿ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1 ಇದ್ದದ್ದು 2 ಆಗಿದೆ. ಒಟ್ಟು 7.6. ಒಂದೂವರೆ ಕೋಟಿಗೆ 11 ಲಕ್ಷ 40 ಸಾವಿರ. ಜೊತೆಗೆ ನಿಮಗೆ ಬಂಡವಾಳ ಲಾಭದ ತೆರಿಗೆ. 2024ರ ಜುಲೈ 23ಕ್ಕಿಂತ ಮುಂಚೆ ಕೊಂಡ ಆಸ್ತಿಯಾದ್ದರಿಂದ ಎರಡು ಲೆಕ್ಕ ಹಾಕಿ ಕಡಿಮೆ ಇರುವುದನ್ನು ಕಟ್ಟಬಹುದು. ನೇರವಾಗಿ 1 ಕೋಟಿ 10 ಲಕ್ಷ ಲಾಭಕ್ಕೆ ಶೇ. 12.5ರಂತೆ 13.75 ಲಕ್ಷ. ಎರಡನೆಯದು, ಬೆಲೆ ಏರಿಕೆಗೆ ತಕ್ಕಂತೆ ಹಳೆಯ ಖರ್ಚನ್ನು ಏರಿಸುವ ಲೆಕ್ಕ. ಖರ್ಚೆಲ್ಲ 2006-07ರಲ್ಲೇ ಆಗಿದ್ದರೆ, ಆ ವರ್ಷದ ಬೆಲೆ ಸೂಚ್ಯಂಕ 122, 2025-26ರದು 376. ಹಾಗೆ ಏರಿಸಿದರೆ ನಿಮ್ಮ 40 ಲಕ್ಷ ಸುಮಾರು 1.23 ಕೋಟಿಯಾಗುತ್ತದೆ, ಉಳಿದ 26.7 ಲಕ್ಷಕ್ಕೆ ಶೇ. 20ರಂತೆ 5.34 ಲಕ್ಷ. ಎರಡನೆಯದೇ ಮೇಲು. ಅಂದರೂ ಮುದ್ರಾಂಕ, ತೆರಿಗೆ ಸೇರಿ 16 ಲಕ್ಷ 70 ಸಾವಿರದಷ್ಟು, ಆದಾಯ ತೆರಿಗೆಯ ಸೆಸ್ ಬೇರೆ. ದಾನವಾಗಿ ಕೊಟ್ಟರೆ, ಕಡಿಮೆ ಬೆಲೆಗೆ ಬರೆದರೆ ಉಳಿಯುತ್ತದೆ ಎಂದು ಯಾರಾದರೂ ಹೇಳಿಯಾರು. ಉಳಿಯುವುದಿಲ್ಲ. ಸರ್ಕಾರಿ ದರಕ್ಕಿಂತ ಕಡಿಮೆ ಬಿದ್ದ ಭಾಗ ಕಂಪನಿಯ ಆದಾಯವೆಂದು ಅಲ್ಲಿ ತೆರಿಗೆ ಬೀಳುತ್ತದೆ.

ವರ್ಷ ವರ್ಷದ ತೆರಿಗೆಯೂ ಇದೆ. ಬೇರೆ ಆದಾಯವಿಲ್ಲದ ವ್ಯಕ್ತಿಗೆ 12 ಲಕ್ಷ ಬಾಡಿಗೆ ಬಂದರೆ ಶೇ. 30 ಕಳೆದು 8.4 ಲಕ್ಷ ಉಳಿಯುತ್ತದೆ, 2025-26ರ ಹೊಸ ಪದ್ಧತಿಯಲ್ಲಿ ಅದಕ್ಕೆ ತೆರಿಗೆಯೇ ಇಲ್ಲ. ಅದೇ 8.4 ಲಕ್ಷಕ್ಕೆ ಕಂಪನಿ ಶೇ. 22ರ ದರ ಆಯ್ದುಕೊಂಡರೂ ಸರ್ಚಾರ್ಜ್, ಸೆಸ್ ಸೇರಿ 25.168ರಂತೆ 2 ಲಕ್ಷ 11 ಸಾವಿರ ಕಟ್ಟಬೇಕು. ಉಳಿದ ಹಣವನ್ನು ಲಾಭಾಂಶವಾಗಿ ಮನೆಗೆ ತಂದರೆ ನಿಮ್ಮ ಕೈಯಲ್ಲಿ ಮತ್ತೆ ತೆರಿಗೆ. ನಿಮಗೆ ಅಂಗಡಿಯ ಆದಾಯ ಇರುವುದರಿಂದ ಅಂತರ ಇಷ್ಟು ದೊಡ್ಡದಿರಲಿಕ್ಕಿಲ್ಲ, ನಿಮ್ಮ ಸಿ.ಎ. ಹತ್ತಿರ ಲೆಕ್ಕ ಹಾಕಿಸಿ. ಮೇಲಿನ ಮಹಡಿಯ ವಾಸದ ಮನೆಗಳ ಬಾಡಿಗೆಯನ್ನು ವ್ಯಾಪಾರದ ಆದಾಯವೆಂದು ತೋರಿಸಿ ಗುಮಾಸ್ತನ ಸಂಬಳ, ಆಡಿಟ್ ಖರ್ಚು ಕಳೆಯುವ ದಾರಿಯನ್ನೂ 2024ರ ತಿದ್ದುಪಡಿ ಮುಚ್ಚಿದೆ.

ಆದ್ದರಿಂದ ಹಳೆಯ ಕಟ್ಟಡ ನಿಮ್ಮ ಹೆಸರಲ್ಲೇ ಇರಲಿ. ಆ 16 ಲಕ್ಷದಲ್ಲಿ ಒಂದು ಭಾಗ ಹಾಕಿ ಲಿಫ್ಟ್ ಬದಲಿಸಿ, ವೈರಿಂಗ್ ಮಾಡಿಸಿ, ಟೆರೇಸಿನ ಕಟಾಂಜನ ಎತ್ತರಿಸಿ. ಕಟ್ಟಡದ ವಿಮೆಯ ಜೊತೆಗೆ ಮೂರನೆಯವರಿಗೆ ಆಗುವ ಗಾಯ, ನಷ್ಟದ ಹೊಣೆಯನ್ನು ಹೊರುವ ವಿಮೆಯನ್ನೂ ತೆಗೆದುಕೊಳ್ಳಿ. ಬೆಂಕಿಯ ಪಾಲಿಸಿ ಇದೆ ಎಂದು ನಿಶ್ಚಿಂತರಾಗಿರುವ ಮಾಲೀಕರು ನಮ್ಮಲ್ಲಿ ತುಂಬ ಜನ. ಆ ಪಾಲಿಸಿ ಗೋಡೆಗೆ ಹಣ ಕೊಡುತ್ತದೆ, ಬೆರಳು ಕಳೆದುಕೊಂಡವರಿಗೆ ಕೊಡುವುದಿಲ್ಲ. ಯಾವ ಪರಿಸ್ಥಿತಿಯಲ್ಲಿ ಹಣ ಕೊಡುವುದಿಲ್ಲ ಎಂಬ ಪುಟವನ್ನು ಸಹಿಗೆ ಮುಂಚೆ ಓದಿಸಿಕೊಳ್ಳಿ. ಲಿಫ್ಟಿನ ಪರವಾನಗಿ ಮುಗಿದಿದ್ದರೆ ವಿಮೆ ಕಂಪನಿಗೆ ತಕರಾರು ತೆಗೆಯಲು ಅದೊಂದೇ ಸಾಕು.

ಉದ್ಯಮಬಾಗದ ಕಟ್ಟಡವನ್ನು ಮೊದಲಿನಿಂದಲೇ ಕಂಪನಿಯ ಹೆಸರಲ್ಲಿ ಕೊಳ್ಳಬಹುದು, ಆಗ ಎರಡು ಸಲ ಮುದ್ರಾಂಕ ಶುಲ್ಕದ ಹೊರೆ ಇಲ್ಲ. ಖಾಸಗಿ ಕಂಪನಿಗೆ ಇಬ್ಬರು ಬೇಕು. ಒಬ್ಬರೇ ಆದರೆ ಏಕವ್ಯಕ್ತಿ ಕಂಪನಿ ಇದೆ, ನಾಮಿನಿ ಹೆಸರಿಸಬೇಕು. ಸೀಮಿತ ಹೊಣೆಯ ಪಾಲುದಾರಿಕೆ, ಅಂದರೆ ಎಲ್‌ಎಲ್‌ಪಿ, ಇನ್ನೊಂದು ದಾರಿ. ಅದಕ್ಕೆ ತೆರಿಗೆ ಶೇ. 30ರಿಂದ ಶುರುವಾದರೂ ಪಾಲುದಾರರು ಲಾಭ ಹಂಚಿಕೊಂಡಾಗ ಮತ್ತೆ ತೆರಿಗೆ ಇಲ್ಲ. ವಹಿವಾಟು 40 ಲಕ್ಷ, ಬಂಡವಾಳ 25 ಲಕ್ಷ ದಾಟದಿದ್ದರೆ ಆ ಕಾಯ್ದೆಯಡಿ ಆಡಿಟ್ ಕಡ್ಡಾಯವೂ ಅಲ್ಲ. ಕಂಪನಿಗಾದರೆ ಒಂದು ರೂಪಾಯಿ ವಹಿವಾಟು ಇಲ್ಲದಿದ್ದರೂ ಆಡಿಟ್ ತಪ್ಪದು, ವಾರ್ಷಿಕ ಫಾರ್ಮು ತಡವಾದರೆ ದಿನಕ್ಕೆ ಫಾರ್ಮಿಗೆ 100 ರೂಪಾಯಿ.

ಮಾಡಿದ ಮೇಲೆ ಕಂಪನಿಯನ್ನು ಕಂಪನಿಯಂತೆ ನಡೆಸಬೇಕು. ಗಾಳೆಯ ಬಾಡಿಗೆ ನಿಮ್ಮ ಫೋನ್‌ಪೇಗೆ ಬರಬಾರದು, ಕಂಪನಿಯ ಖಾತೆಗೇ ಬರಬೇಕು. ಕರಾರಿನಲ್ಲಿ ಮಾಲೀಕ ಎಂದು ಕಂಪನಿಯ ಹೆಸರು, ಅದರ ಪರವಾಗಿ ಡೈರೆಕ್ಟರ್ ಎಂದು ನಿಮ್ಮ ಸಹಿ. ಠೇವಣಿಯೂ ಕಂಪನಿಯದೇ. ಮಗಳ ಸೀಮಂತಕ್ಕೆ, ಊರ ಜಾತ್ರೆಯ ಪಟ್ಟಿಗೆ ಆ ಖಾತೆಯಿಂದ ಚೆಕ್ ಬರೆಯಬೇಡಿ. ಡೈರೆಕ್ಟರಿಗೆ ಸಾಲ ಕೊಡಲು ಕಂಪನಿ ಕಾಯ್ದೆಯ 185ನೇ ಕಲಮಿನ ನಿರ್ಬಂಧವಿದೆ, ತೆರಿಗೆ ಇಲಾಖೆ ಅದನ್ನು ಲಾಭಾಂಶವೆಂದೇ ಹಿಡಿಯುವ ಸಂಭವವೂ ಇದೆ. ಕಂಪನಿ ಮತ್ತು ಮನೆತನ ಒಂದೇ ಎಂಬಂತೆ ನಡೆಸಿ ಜನರಿಗೆ ಮೋಸ ಮಾಡಿದರೆ ಕೋರ್ಟು ಪರದೆ ಸರಿಸಿ ಹಿಂದಿರುವವರ ಆಸ್ತಿಗೆ ಕೈಹಾಕುತ್ತದೆ. 1996ರಲ್ಲಿ ದೆಹಲಿಯ ಸ್ಕಿಪ್ಪರ್ ಕನ್‌ಸ್ಟ್ರಕ್ಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಮಾಡಿತು. ಖಾಸಗಿ ಕಂಪನಿಯಿಂದ ವಸೂಲಾಗದ ಆದಾಯ ತೆರಿಗೆಗೂ ಡೈರೆಕ್ಟರೇ ಹೊಣೆ, ತನ್ನ ಗಂಭೀರ ನಿರ್ಲಕ್ಷ್ಯದಿಂದ ಹಾಗಾಗಿಲ್ಲ ಎಂದು ಅವನೇ ಸಾಬೀತು ಮಾಡಿದರೆ ಮಾತ್ರ ಪಾರು.

ಪ್ರಶ್ನೆ: ಅಕ್ಕಾರೆ, ಹಳೆ ಬಾಗಲಕೋಟೆ ಮುಳುಗಡೆಯಾದಾಗ ನಮ್ಮ ಅಪ್ಪಾಜಿಗೆ ನವನಗರದಲ್ಲಿ ಜಾಗ ಸಿಕ್ಕಿತ್ತು. ಅಲ್ಲಿ ಮಳಿಗೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದೇವೆ. ಅಪ್ಪಾಜಿ ತೀರಿಕೊಂಡರು. ಈಗ ಇಬ್ಬರು ಅಣ್ಣಂದಿರು ಕಂಪನಿ ಮಾಡಿ ಆಸ್ತಿ ಅದಕ್ಕೆ ಹಾಕೋಣ, ನಿನ್ನನ್ನೂ ಡೈರೆಕ್ಟರ್ ಮಾಡುತ್ತೇವೆ, ಸಹಿ ಹಾಕು ಎನ್ನುತ್ತಿದ್ದಾರೆ. ಅವ್ವ ಇದ್ದಾಳೆ. ಸಹಿ ಹಾಕಲೇ?
– ಒಬ್ಬ ತಂಗಿ, ಬಾಗಲಕೋಟೆ

ಉತ್ತರ: ತಂಗೀ, ಈಗಲೇ ಬೇಡ. ಡೈರೆಕ್ಟರ್ ಎಂದರೆ ಕೆಲಸ ಮತ್ತು ಹೊಣೆ, ಷೇರು ಎಂದರೆ ಒಡೆತನ. ಮೊದಲನೆಯದನ್ನು ಕೊಟ್ಟು ಎರಡನೆಯದನ್ನು ಕೊಡದಿದ್ದರೆ ಆಸ್ತಿ ಅವರದು, ತೆರಿಗೆ ಬಾಕಿಯ ನೋಟಿಸು ನಿಮ್ಮದು. ಅಪ್ಪಾಜಿಯ ಸ್ವಂತದ್ದಾಗಿದ್ದು ಮೃತ್ಯುಪತ್ರ ಇರದಿದ್ದರೆ ಅವ್ವ, ಇಬ್ಬರು ಅಣ್ಣಂದಿರು, ನೀವು, ನಾಲ್ವರಿಗೂ ಸಮಪಾಲು. ಹಿರಿಯರ ಆಸ್ತಿಗೆ ಬದಲಾಗಿ ಬಂದದ್ದಾದರೂ 2005ರ ತಿದ್ದುಪಡಿಯಿಂದ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕಿದೆ, 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಖಚಿತಪಡಿಸಿದೆ.

ನಿಮ್ಮ ಮುಂದೆ ಇಟ್ಟಿರುವ ಕಾಗದಗಳಲ್ಲಿ ಹಕ್ಕು ಬಿಡುಗಡೆ ಪತ್ರ ಇದೆಯೇ ನೋಡಿ. ಅದಕ್ಕೆ ಸಹಿ ಹಾಕಿದರೆ ಮುಂದಿನ ಮಾತೇ ಇಲ್ಲ. ನಿಮ್ಮ ಪಾಲಿಗೆ ಸರಿಯಾಗಿ ನಾಲ್ಕನೇ ಒಂದು ಭಾಗದ ಷೇರು ಬರಬೇಕು, ಷೇರು ಕೊಟ್ಟ ಎರಡು ತಿಂಗಳೊಳಗೆ ಪ್ರಮಾಣಪತ್ರ ನಿಮ್ಮ ಕೈಯಲ್ಲಿರಬೇಕು. ಅಷ್ಟೂ ಸಾಲದು. ಕಂಪನಿಯ ದೊಡ್ಡ ತೀರ್ಮಾನಗಳಿಗೆ ಷೇರುದಾರರು ಮಾಡುವ ವಿಶೇಷ ಠರಾವಿಗೆ ವಿರೋಧದ ಮತಗಳ ಮೂರು ಪಟ್ಟು ಮತ ಬೇಕು. 75ಕ್ಕೆ 25 ಸರಿಯಾಗಿ ಮೂರು ಪಟ್ಟು, ಆದ್ದರಿಂದ ಮೂವರೂ ಒಂದಾದರೆ ನೀವು ತಡೆಯಲಾರಿರಿ. ಅದಕ್ಕಿಂತ ಕೆಟ್ಟ ಸಂಗತಿ ಎಂದರೆ, 2015ರ ಅಧಿಸೂಚನೆಯ ನಂತರ ಖಾಸಗಿ ಕಂಪನಿಯ ಡೈರೆಕ್ಟರುಗಳು ಆಸ್ತಿ ಮಾರಲು 180ನೇ ಕಲಮಿನ ವಿಶೇಷ ಠರಾವೂ ಬೇಕಿಲ್ಲ. ಹಾಗಾಗಿ ಕಂಪನಿಯ ನಿಯಮಾವಳಿಯಲ್ಲೇ ಬರೆಸಿ: ಈ ಕಟ್ಟಡ ಮಾರಲು, ಅಡವಿಡಲು ಎಲ್ಲ ಷೇರುದಾರರ ಲಿಖಿತ ಒಪ್ಪಿಗೆ ಬೇಕು, ಈ ನಿಯಮ ಬದಲಿಸಲೂ ಎಲ್ಲರ ಒಪ್ಪಿಗೆ ಬೇಕು. ಕಾಯ್ದೆಯ 5ನೇ ಕಲಂ ಇದಕ್ಕೆ ಅವಕಾಶ ಕೊಡುತ್ತದೆ. ಅಣ್ಣಂದಿರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲದಿದ್ದರೆ ಈ ಎರಡು ಸಾಲಿಗೆ ಅವರು ಬೇಡ ಎನ್ನಲಿಕ್ಕಿಲ್ಲ. ಅವ್ವನ ಪಾಲೂ ಅವ್ವನ ಹೆಸರಲ್ಲೇ ಬರಲಿ, ನೋಡಿಕೊಳ್ಳಿ.

ಪ್ರಶ್ನೆ: ಒಣದ್ರಾಕ್ಷಿ ವ್ಯಾಪಾರ ನಮ್ಮದು. ಕಂಪನಿ ಹೆಸರಲ್ಲಿ ಕೋಲ್ಡ್ ಸ್ಟೋರೇಜ್ ಕಟ್ಟಿ ಬಾಡಿಗೆಗೆ ಕೊಟ್ಟಿದ್ದೇವೆ. ಸಾಲಕ್ಕೆ ಮತ್ತು ಸಿ.ಸಿ. (ಕ್ಯಾಶ್ ಕ್ರೆಡಿಟ್) ಖಾತೆಗೆ ಜಾಮೀನು ಸಹಿ ಈಗಾಗಲೇ ಹಾಕಿಬಿಟ್ಟಿದ್ದೇನೆ. ಹೆಂಡತಿ ಮಕ್ಕಳಿಗೆಂದು ಏನಾದರೂ ಉಳಿಸಲು ದಾರಿ ಇದೆಯೇ?
– ಓದುಗರು, ವಿಜಯಪುರ

ಉತ್ತರ: ಇದೆ, ಸಣ್ಣದು. ವಾಸದ ಮನೆಗೆ ಜಪ್ತಿಯಿಂದ ವಿನಾಯಿತಿ ಸಿಗುವುದು ಒಕ್ಕಲುತನ ಮಾಡುವವರಿಗೆ, ಕೂಲಿಕಾರರಿಗೆ, ಮನೆಗೆಲಸದವರಿಗೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿ ವ್ಯಾಪಾರಿಗೆ ಅದಿಲ್ಲ. ಆದರೆ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ 6ನೇ ಕಲಮಿನಡಿ, ಗಂಡ ತನ್ನ ಜೀವದ ಮೇಲೆ ಹೆಂಡತಿ ಮಕ್ಕಳ ಹಿತಕ್ಕೆಂದು ಮಾಡಿಸಿದ ವಿಮೆ ಅವರ ಟ್ರಸ್ಟ್, ಅಂದರೆ ಅವರಿಗೆಂದೇ ಮೀಸಲಾದ ಹಣ, ಆಗುತ್ತದೆ, ಅವನಿಗೆ ಸಾಲ ಕೊಟ್ಟವರು ಅದನ್ನು ಮುಟ್ಟುವಂತಿಲ್ಲ. ಸಾಲ ಕೊಟ್ಟವರಿಗೆ ಮೋಸ ಮಾಡುವ ಉದ್ದೇಶದಿಂದ ಕಂತು ಕಟ್ಟಿದ್ದೆಂದು ತೋರಿದರೆ ಮಾತ್ರ ಆ ಕಂತಿನ ಹಣಕ್ಕೆ ಕೈಯಿಡಬಹುದು. ಈಗ ವ್ಯಾಪಾರ ನೆಟ್ಟಗಿದೆ ಎಂದಾದರೆ ಈಗಲೇ ಮಾಡಿಸಿ. ಪಾಲಿಸಿ ತೆಗೆದುಕೊಳ್ಳುವಾಗಲೇ ಆ ಕಾಯ್ದೆಯ ಅರ್ಜಿ ಭರ್ತಿ ಮಾಡಬೇಕು, ಬರೀ ನಾಮಿನಿ ಹೆಸರು ಬರೆದರೆ ಈ ರಕ್ಷಣೆ ಸಿಗುವುದಿಲ್ಲ. ಇಂಥ ಪಾಲಿಸಿಯ ಮೇಲೆ ನೀವು ಸಾಲ ತೆಗೆಯುವಂತಿಲ್ಲ, ಅದು ನಿಮ್ಮದಲ್ಲ.

ಇನ್ನು ಜಾಮೀನು. ಅವಧಿ ಸಾಲಕ್ಕೆ ಕೊಟ್ಟದ್ದು ಕೊಟ್ಟಂತೆಯೇ. ಸಿ.ಸಿ. ಖಾತೆಗೆ ಕೊಟ್ಟದ್ದು ಸಾಮಾನ್ಯವಾಗಿ ಮುಂದುವರಿಯುವ ಜಾಮೀನು, ಕರಾರು ಕಾಯ್ದೆಯ 130ನೇ ಕಲಂ ಪ್ರಕಾರ ನೋಟಿಸು ಕೊಟ್ಟು ಮುಂದಿನ ವ್ಯವಹಾರಗಳ ಮಟ್ಟಿಗೆ ಹಿಂತೆಗೆದುಕೊಳ್ಳಬಹುದು. ಅಲ್ಲಿಯವರೆಗಿನ ಬಾಕಿಗೆ ನೀವು ಹೊಣೆಯೇ. ನೋಟಿಸು ಹೋದ ಕೂಡಲೇ ಬ್ಯಾಂಕು ಖಾತೆಯ ಮಿತಿ ನಿಲ್ಲಿಸಬಹುದು, ಆದ್ದರಿಂದ ದ್ರಾಕ್ಷಿ ಸುಗ್ಗಿಯ ನಡುವೆ, ಮಾಲಿಗೆ ಹಣ ಬೇಕಾದ ಹೊತ್ತಿನಲ್ಲಿ ಇದನ್ನು ಮಾಡಬೇಡಿ. ಮೊದಲು ನೀವು ಸಹಿ ಹಾಕಿದ ಜಾಮೀನು ಪತ್ರದ ನಕಲನ್ನು ಬ್ಯಾಂಕಿನಿಂದ ಕೇಳಿ ಪಡೆಯಿರಿ, ಹಿಂತೆಗೆಯುವ ಬಗ್ಗೆ ಅದರಲ್ಲಿ ಏನು ಬರೆದಿದೆ ಎಂದು ಅಲ್ಲಿಯ ವಕೀಲರಿಂದ ಓದಿಸಿ, ನೋಟಿಸು ಕೊಡುವುದಾದರೆ ಬ್ಯಾಂಕಿನ ಸ್ವೀಕೃತಿ ಮುದ್ರೆ ಹಾಕಿಸಿಕೊಂಡ ಪ್ರತಿಯೊಂದನ್ನು ಮನೆಯಲ್ಲಿಡಿ.